ಇಪ್ಪತ್ತು ಮೈಕ್ರೋಸೆಕೆಂಡು

ಮಾರ್ಚ್ 4, ಮಂಗಳವಾರ

ಈ ಡೈರಿ ಹೆಂಡತಿ ತಂದುಕೊಟ್ಟದ್ದು. "ರೀ, ಸಿಟ್ಟು ಬಂದಾಗ ಬಾಯಿಗೆ ಬದಲು ಕೈಗೆ ಕೆಲಸ ಕೊಡಿ. ಮನೆಯವರು ಬದುಕ್ಕೋತೀವಿ" ಎಂದಿದ್ದಳು. ಎರಡು ತಿಂಗಳು ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ಇವತ್ತು ತೆರೆದಿದ್ದೇನೆ ಎಂದರೆ ಸಿಟ್ಟು ಅಷ್ಟಿದೆ.

ಹದಿನಾಲ್ಕನೇ ಪೆಟ್ಟಿಗೆ ಆಸ್ಪತ್ರೆಯಿಂದ ವಾಪಸ್ ಬಂದಿದೆ. ಪೆಟ್ಟಿಗೆ ಎನ್ನುವುದು ನಮ್ಮ ಕಾರ್ಖಾನೆಯ ಮಾತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗೆ ಮಲಗಿಸುವ ಗಾಜಿನ ತೊಟ್ಟಿಲು ಅದು. ಹಾಸಿಗೆಯ ಕೆಳಗೆ ಗಾಳಿಯನ್ನು ಬಿಸಿಮಾಡುವ ಪ್ಲೇಟು, ಕೂಸಿನ ಹೊಟ್ಟೆಗೆ ಅಂಟಿಸುವ ಒಂದು ಪುಟ್ಟ ಸೆನ್ಸರು, ಎರಡರ ನಡುವೆ ಉಗುರಿನಷ್ಟಗಲದ ಒಂದು ಚಿಪ್, ಮೈಕ್ರೋಕಂಟ್ರೋಲರು. ಮೈ ತಣ್ಣಗಾದರೆ ಪ್ಲೇಟಿಗೆ ಬಿಸಿ ಕೊಡು, ಸಾಕಾದರೆ ನಿಲ್ಲಿಸು ಎಂದು ಅದಕ್ಕೆ ಹೇಳಿಕೊಟ್ಟವನು ನಾನು. ಇಪ್ಪತ್ತೆರಡು ಪೆಟ್ಟಿಗೆ ಹೊರಗೆ ಹೋಗಿವೆ. ಒಂದರ ಮೇಲೂ ಇಲ್ಲಿಯವರೆಗೆ ದೂರು ಬಂದಿರಲಿಲ್ಲ.

ಜೊತೆಗೆ ಹಿರಿಯ ನರ್ಸ್ ಕೈಬರಹದ ಒಂದು ಚೀಟಿ. ಪೆಟ್ಟಿಗೆ ಮೂವತ್ತಾರೂವರೆ ಎಂದು ತೋರಿಸುತ್ತಿತ್ತಂತೆ. ಕೂಸಿನ ಪಾದ ಮುಟ್ಟಿದರೆ ತಣ್ಣಗಿತ್ತಂತೆ. ಥರ್ಮಾಮೀಟರ್ ಇಟ್ಟರೆ ಮೂವತ್ತೈದು ಪಾಯಿಂಟ್ ಏಳು. ಕೂಸು ಈಗ ಚೆನ್ನಾಗಿದೆ, ದಯವಿಟ್ಟು ನೋಡಿ, ಎಂದಿದೆ. ಮುಂದೆ ಇನ್ನೂ ಎಂಟು ಸಾಲು ಇತ್ತು, ಓದಲಿಲ್ಲ. ನನಗೆ ಅರ್ಧ ವಾಕ್ಯ ಸಾಕು, ವಿಷಯ ಅರ್ಥವಾಗುತ್ತದೆ. ಸೆನ್ಸರನ್ನು ಸರಿಯಾಗಿ ಅಂಟಿಸಿರುವುದಿಲ್ಲ. ಎಲ್ಲ ಕಡೆಯೂ ಇದೇ ಕಥೆ.

ಮನೆಗೆ ಬಂದರೆ ಅಪ್ಪನ ಕಾಫಿ ಹೊತ್ತು. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಆದಮೇಲೆ ಅವರ ಒಂದೊಂದು ಮಾತೂ ಬಾವಿಯಿಂದ ಸೇದಿದ ಹಾಗೆ ಬರುತ್ತದೆ. "ಸಕ್... ಸಕ್..." ಎಂದರು. "ಸಕ್ಕರೆ ಸಾಲ್ದಾ ಅಪ್ಪಾ? ಹಾಕ್ತೀನಿ ಇರಿ" ಎಂದು ಇನ್ನೊಂದು ಚಮಚ ಹಾಕಿ ಕಲಸಿದೆ. ಅವರು ಕಷ್ಟಪಟ್ಟು ಮಾತು ಮುಗಿಸಲಿ ಎಂದು ಕಾಯುವುದು ನನಗೆ ಹಿಂಸೆ. ಹಿಂಸೆ ನಿಮಗೋ ಅವರಿಗೋ ಎಂದು ಹೆಂಡತಿ ಕೇಳಿದಳು.

ಮಾರ್ಚ್ 6, ಗುರುವಾರ

ಇನ್ನೆರಡು ಪೆಟ್ಟಿಗೆ ವಾಪಸ್. ಅದೇ ದೂರು.

ಮೂರನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು, ಹೀಟರ್ ತಂತಿ ಕಳಚಿ, ಬೆಳಗಿನಿಂದ ಪರೀಕ್ಷೆ ಮಾಡಿದೆ. ಕೋಣೆ ಇಪ್ಪತ್ತಾರು ಡಿಗ್ರಿ, ಪ್ಲೇಟು ಇಪ್ಪತ್ತಾರು, ಮೈಯ ಸೆನ್ಸರು ಇಪ್ಪತ್ತಾರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪರದೆಯ ಮೇಲೆ ಸಂಖ್ಯೆ ಒಂದಿಷ್ಟೂ ಅದುರದೆ ಕಲ್ಲಿನ ಹಾಗೆ ನಿಂತಿದೆ. ಮೊದಲು ಅದು ತುಸು ಅದುರುತ್ತಿತ್ತು. ಜನವರಿಯಲ್ಲಿ ನಾನೇ ಕೂತು ಸರಿಮಾಡಿದ್ದೆ. ಮಾಲೀಕರು ಎಲ್ಲರ ಎದುರು ಬೆನ್ನು ತಟ್ಟಿದ್ದರು. ಫೆಬ್ರವರಿಯಲ್ಲಿ ಇಪ್ಪತ್ತೆರಡಕ್ಕೂ ಅದನ್ನೇ ಹಾಕಿಸಿದೆವು.

ಮಧ್ಯಾಹ್ನ ಮಾಲೀಕರು ಬಂದು ನಿಂತರು. "ಸಾಫ್ಟ್‌ವೇರ್ ಏನಾದ್ರೂ?" ಎಂದರು.

"ಸಾಧ್ಯವೇ ಇಲ್ಲ."

"ಹಾಗಾದ್ರೆ ಬೆಸುಗೆ ಇರಬಹುದಾ?"

"ಇರಬಹುದು" ಎಂದೆ.

ಸುಳ್ಳೇನೂ ಹೇಳಲಿಲ್ಲ. ಇರಬಹುದು ತಾನೇ. ನಮ್ಮಲ್ಲಿ ಬೆಸುಗೆ ಹಾಕುವವರು ಒಬ್ಬರೇ, ಸೋಲ್ಡರ್ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹನ್ನೊಂದು ವರ್ಷದಿಂದ ಅದೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು. ಸಂಜೆ ಹೊತ್ತಿಗೆ ಅವರನ್ನು ಪ್ಯಾಕಿಂಗಿಗೆ ಕಳಿಸಿದರು. ಹೋಗುವಾಗ ಬೆಸುಗೆ ಹಾಕುವ ಕಬ್ಬಿಣದ ತುದಿಯನ್ನು ಒರೆಸಿ, ಸ್ಟ್ಯಾಂಡಿನಲ್ಲಿಟ್ಟು, ದೀಪ ಆರಿಸಿ ಹೋದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನಾನು ಪರದೆಯ ಕಡೆಗೆ ತಿರುಗಿದ್ದೆ.

ಮಾರ್ಚ್ 11, ಮಂಗಳವಾರ

ಹೊರಗಿನವನೊಬ್ಬನನ್ನು ಕರೆಸಿ ಮೂರರ ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕಿಸಿ ಕಳಿಸಿದ್ದೆವು. ಇವತ್ತು ಹಿರಿಯ ನರ್ಸ್ ಫೋನ್ ಮಾಡಿದರು.

"ಏನೂ ಸರಿಹೋಗಿಲ್ಲ. ನೋಡಿ, ಇದು ಶುರು ಆಗೋದು ಯಾವಾಗ ಅಂದ್ರೆ..."

"ಅಂಟಿಸೋ ಪಟ್ಟಿ ಬದಲಾಯಿಸಿದ್ದೀರಾ ಸಿಸ್ಟರ್?"

"ಬದಲಾಯಿಸಿದೀವಿ. ನಾನು ಹೇಳ್ತಾ ಇರೋದು..."

"ಕೂಸಿನ ಮೈಯಲ್ಲಿ ಎಣ್ಣೆ ಇದ್ರೆ ಸರಿಯಾಗಿ..."

"ನಾನು ಮಾತು ಮುಗಿಸ್ಲಾ?"

"ಹೇಳಿ, ಹೇಳಿ. ಆದ್ರೆ ಮೊದಲು ಪಟ್ಟಿ..."

ಫೋನ್ ಇಟ್ಟುಬಿಟ್ಟರು. ನಾನು ಏನು ತಪ್ಪು ಮಾತಾಡಿದೆ? ಜನಕ್ಕೆ ತಾಳ್ಮೆಯೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಗಳು ಶಾಲೆಯದ್ದೇನೋ ಹೇಳಲು ಬಂದಳು. ಅವಳ ಮೇಲೆ ರೇಗಿದೆ. ಅವಳಿಗೂ ನರ್ಸಿಗೂ ಏನು ಸಂಬಂಧ? ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಮೂಗಿನ ತುದಿಯ ಕೋಪ. ಅದು ನಿಮ್ಮದೇ ಎಂದಳು ಹೆಂಡತಿ.

ಮಾರ್ಚ್ 13, ಗುರುವಾರ

ಮಾಲೀಕರು ನನ್ನನ್ನೇ ಆಸ್ಪತ್ರೆಗೆ ಕಳಿಸಿದರು.

ಹಿರಿಯ ನರ್ಸ್ ಎತ್ತರದ ಹೆಂಗಸು. ಮೊದಲು ಕೈ ತೊಳೆಯುವ ತೊಟ್ಟಿ ತೋರಿಸಿದರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಸಾಲದು ಎಂದು ಇನ್ನೊಮ್ಮೆ ತೊಳೆಸಿದರು. ಆಮೇಲೆ ನನ್ನ ಬಾಯಿ ಮುಚ್ಚುವ ಹಾಗೆ ಮಾಸ್ಕ್ ಕಟ್ಟಿದರು. ಬೇಕೆಂದೇ ಬಿಗಿಯಾಗಿ ಕಟ್ಟಿದರು ಎಂದು ನನ್ನ ಅನುಮಾನ.

"ಈಗ ಮುಟ್ಟಿ" ಎಂದರು.

ಪಾದ ನನ್ನ ಹೆಬ್ಬೆರಳಿಗಿಂತ ಚಿಕ್ಕದು. ತಣ್ಣಗಿತ್ತು. ಪರದೆಯಲ್ಲಿ ಮೂವತ್ತಾರೂವರೆ ಎಂದು ನನ್ನ ಸಂಖ್ಯೆ ಕಲ್ಲಿನ ಹಾಗೆ ನಿಂತಿತ್ತು. ಆರು ವರ್ಷದಿಂದ ಈ ಪೆಟ್ಟಿಗೆ ಮಾಡುತ್ತಿದ್ದೇನೆ, ಒಳಗೆ ಮಲಗಿದವರನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ನರ್ಸ್ ಕೂಸನ್ನು ಬೇರೆ ಕಡೆ ಮಲಗಿಸಿ, ಪೆಟ್ಟಿಗೆಯ ಸೆನ್ಸರನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ನಿಂತರು. "ನಾನೇನೂ ಹೇಳಲ್ಲ. ನೀವೇ ನೋಡ್ತಾ ಇರಿ" ಎಂದರು. ಪ್ಲೇಟು ಆರಿತ್ತು, ಸಂಖ್ಯೆ ಸರಿಯಿತ್ತು. ಪ್ಲೇಟು ಹತ್ತಿಸಿದರು. ಅದು ಕಾಯುತ್ತಾ ಕಾಯುತ್ತಾ ಹೋದ ಹಾಗೆ ಅವರ ಮೈ ಬಿಸಿಯ ಸಂಖ್ಯೆಯೂ ಏರಿತು. ಪಾಯಿಂಟ್ ಎರಡು, ಪಾಯಿಂಟ್ ಐದು, ಪಾಯಿಂಟ್ ಎಂಟು. ಪ್ಲೇಟು ಆರಿಸಿದ ಮೇಲೆ ನಿಧಾನಕ್ಕೆ ಇಳಿಯಿತು.

"ನನಗೆ ಜ್ವರ ಬಂದು ಹೋಯ್ತಾ ಈಗ?" ಎಂದು ಕೇಳಿದರು. "ಚೀಟಿಯಲ್ಲಿ ಇದನ್ನೇ ಬರೆದಿದ್ದೆ. ಕೊನೆಯಲ್ಲಿ."

ಆ ಎಂಟು ಸಾಲು.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಜನವರಿ ಕೊನೆಯಲ್ಲಿ ಸೋಲ್ಡರ್ ಅಕ್ಕ ನನ್ನ ಮೇಜಿನ ಹತ್ತಿರ ಬಂದಿದ್ದರು. "ಸಾರ್, ಪ್ಲೇಟು ಬಿಸಿಯಾದಾಗ ಮೈ ಸೆನ್ಸರೂ ಏರುತ್ತೆ, ಆದ್ರೆ ಅದು..." ಎಂದಿದ್ದರು. ನಾನು ತಲೆ ಎತ್ತದೆ, "ಏರಬೇಕಲ್ಲ ಅಕ್ಕ, ಅದಕ್ಕೇ ತಾನೇ ಪ್ಲೇಟು ಇಟ್ಟಿರೋದು" ಎಂದು ನಕ್ಕಿದ್ದೆ. ಸುತ್ತಲಿದ್ದವರೂ ನಕ್ಕಿದ್ದರು. ಅವರು "ಸರಿ ಸಾರ್" ಎಂದು ಹೋಗಿದ್ದರು.

ಆದ್ರೆ ಅದು. ಅದು ಏನು?

ಮಾರ್ಚ್ 14, ಶುಕ್ರವಾರ

ಸಿಕ್ಕಿತು. ತಪ್ಪು ನನ್ನದು. ಯಾರಿಗೂ ಹೇಳುವಂತಿಲ್ಲವಾದ್ದರಿಂದ ಇಲ್ಲೇ ಪೂರ್ತಿ ಬರೆದಿಡುತ್ತೇನೆ.

ಆ ಚಿಪ್‌ಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ, ಅಂಕಿ ಮಾತ್ರ ತಿಳಿಯುತ್ತದೆ. ಸೆನ್ಸರಿನಿಂದ ಬರುವ ವೋಲ್ಟೇಜನ್ನು ಅಂಕಿ ಮಾಡಿಕೊಡುವ ಭಾಗವೊಂದು ಅದರೊಳಗಿದೆ. ಎಡಿಸಿ ಎನ್ನುತ್ತೇವೆ. ಅಪ್ಪನಿಗೆ ಇದನ್ನು ಒಮ್ಮೆ ವಿವರಿಸಿದ್ದೆ. ಅವರು ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವರು, ತಕ್ಷಣ ಹಿಡಿದರು. ಎಡಿಸಿ ಕೆಲಸ ಮಾಡುವುದು ತಕ್ಕಡಿಯ ಹಾಗೆಯೇ. ಮೊದಲು ಅರ್ಧದ ತೂಕ ಇಟ್ಟು ಹೆಚ್ಚೋ ಕಡಿಮೆಯೋ ಎಂದು ನೋಡುತ್ತದೆ. ಸರಕು ಹೆಚ್ಚು ಭಾರವಿದ್ದರೆ ಆ ತೂಕ ಇಟ್ಟುಕೊಂಡು, ಇಲ್ಲದಿದ್ದರೆ ತೆಗೆದು, ಕಾಲಿನ ತೂಕ ಇಡುತ್ತದೆ. ಆಮೇಲೆ ಅರೆಕಾಲು. ಹೀಗೆ ಹನ್ನೆರಡು ಸಲ ಅರ್ಧ ಅರ್ಧ ಮಾಡಿದರೆ ಸೊನ್ನೆಯಿಂದ ನಾಲ್ಕು ಸಾವಿರದ ತೊಂಬತ್ತೈದರ ನಡುವೆ ಒಂದು ಅಂಕಿ ಸಿಗುತ್ತದೆ.

ಆದರೆ ತೂಗುವ ಮೊದಲು ಸರಕು ತಟ್ಟೆಗೆ ಬೀಳಬೇಕಲ್ಲ. ಎಡಿಸಿಯ ಬಾಯಲ್ಲಿ ಒಂದು ಪುಟ್ಟ ಕೆಪ್ಯಾಸಿಟರ್ ಇದೆ. ಬಾಗಿಲು ತೆರೆದಿರುವಷ್ಟು ಹೊತ್ತು ಸೆನ್ಸರಿನ ವೋಲ್ಟೇಜು ಅದರೊಳಗೆ ತುಂಬುತ್ತದೆ. ಬಾಗಿಲು ಮುಚ್ಚಿದ ಮೇಲೆ ಅದರಲ್ಲಿರುವುದನ್ನೇ ತೂಗುವುದು. ಎಡಿಸಿ ಒಂದೇ, ಕಾಯುವವರು ಇಬ್ಬರು. ಪ್ಲೇಟು, ಮೈ, ಪ್ಲೇಟು, ಮೈ ಎಂದು ಸರದಿ. ಮೈಯ ಸೆನ್ಸರಿನ ದಾರಿಯಲ್ಲಿ ಕೂಸಿನ ಸುರಕ್ಷತೆಗೆಂದು ನಾವೇ ವಿದ್ಯುತ್ ತಡೆಯುವ ದೊಡ್ಡ ರೆಸಿಸ್ಟರ್ ಇಟ್ಟಿದ್ದೇವೆ, ಅದು ಹೇಳುವುದನ್ನು ನಿಧಾನವಾಗಿಯೇ ಹೇಳುತ್ತದೆ. ಪೂರ್ತಿ ಕೇಳಲು ಇಪ್ಪತ್ತು ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಇಪ್ಪತ್ತು ಪಾಲು, ಬಾಗಿಲು ತೆರೆದಿರಬೇಕು. ಮೊದಲು ಹಾಗೇ ಇತ್ತು.

ಜನವರಿಯಲ್ಲಿ ಸಂಖ್ಯೆ ಅದುರಬಾರದೆಂದು ಹದಿನಾರು ಸಲದ ಬದಲು ನೂರು ಸಲ ಓದಿ ಸರಾಸರಿ ತೆಗೆಯುವಂತೆ ಮಾಡಿದೆ. ಅಷ್ಟಕ್ಕೆ ಸಮಯ ಸಾಲಲಿಲ್ಲ. ಇಪ್ಪತ್ತನ್ನು ಮೂರಕ್ಕಿಂತ ಕೆಳಗೆ ಇಳಿಸಿದೆ. ಮೈಯ ವೋಲ್ಟೇಜು ತುಂಬಿ ಮುಗಿಯುವ ಮೊದಲೇ ಬಾಗಿಲು ಹಾಕಿದರೆ ಕೆಪ್ಯಾಸಿಟರಿನಲ್ಲಿ ಹಿಂದೆ ಬಂದ ಪ್ಲೇಟಿನದ್ದು ನೂರಕ್ಕೆ ಮೂರು ಪಾಲು ಉಳಿದೇ ಇರುತ್ತದೆ. ಎಂಬತ್ತು ಡಿಗ್ರಿ ಕಾದ ಪ್ಲೇಟಿನ ಮೂರು ಪಾಲು. ಕೂಸಿನ ಲೆಕ್ಕದಲ್ಲಿ ಪಾಯಿಂಟ್ ಎಂಟು ಡಿಗ್ರಿ. ಪೆಟ್ಟಿಗೆ ಕೂಸು ಬೆಚ್ಚಗಿದೆ ಎಂದುಕೊಂಡು ಬಿಸಿ ಕಡಿಮೆ ಮಾಡುತ್ತದೆ. ನನ್ನ ಬೆಂಚಿನ ಮೇಲೆ ಎರಡೂ ಒಂದೇ ಬಿಸಿ, ಅದಕ್ಕೇ ಏನೂ ಕಾಣಲಿಲ್ಲ. ಇನ್ನು ಸರಾಸರಿಯಿಂದ ಏನು ಬಂತು? ನೂರು ಸಲ ಕೇಳಿದೆ, ಒಂದು ಸಲವೂ ಪೂರ್ತಿ ಕೇಳಲಿಲ್ಲ.

ಸರಿಮಾಡಲು ಅರ್ಧ ನಿಮಿಷ ಬೇಕಾಯಿತು. ಎರಡೇ ಎರಡು ಅಂಕಿ, ಓದುವ ಸಲವನ್ನು ಹದಿನಾರಕ್ಕೆ, ಹೊತ್ತನ್ನು ಇಪ್ಪತ್ತಕ್ಕೆ ವಾಪಸ್ ತಂದದ್ದಷ್ಟೆ.

ಬೆಸುಗೆ ಚೊಕ್ಕವಾಗಿತ್ತು. ಭೂತಗನ್ನಡಿ ಇಟ್ಟು ನೋಡಿದೆ, ಹದಿನಾಲ್ಕನೇ ಪೆಟ್ಟಿಗೆಯಿಂದ ಕತ್ತರಿಸಿ ತೆಗೆದಿಟ್ಟಿದ್ದ ಹಳೆಯ ಬೆಸುಗೆಯ ತುಂಡುಗಳನ್ನು. ಒಂದೊಂದು ಚುಕ್ಕಿಯೂ ಹೊಳೆಯುತ್ತಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಮಾರ್ಚ್ 17, ಸೋಮವಾರ

ಮೂರು ಪೆಟ್ಟಿಗೆಗೂ ಹೊಸ ಸಾಫ್ಟ್‌ವೇರ್ ಹಾಕಿ ಬಂದೆ. ನರ್ಸ್ ಕಂಕುಳಲ್ಲಿಟ್ಟು ನೋಡಿ ತಲೆಯಾಡಿಸಿದರು. ಮಾಲೀಕರಿಗೆ, "ಸಾಫ್ಟ್‌ವೇರಲ್ಲೂ ಒಂಚೂರು ಬಿಗಿ ಮಾಡಿದೀನಿ" ಎಂದೆ. "ಒಟ್ಟಿನಲ್ಲಿ ಬೆಸುಗೆ ತಾನೇ?" ಎಂದರು. ನಾನು ನೀರು ಕುಡಿದೆ. ಅವರು ಅದನ್ನೇ ಹೌದು ಎಂದುಕೊಂಡರು.

ಉಳಿದ ಹತ್ತೊಂಬತ್ತು ಬೇರೆ ಬೇರೆ ಆಸ್ಪತ್ರೆಗಳಲ್ಲಿವೆ. ಮುಂದಿನ ತಿಂಗಳು ಸರ್ವೀಸಿಗೆ ಹೋದಾಗ ಸದ್ದಿಲ್ಲದೆ ಬದಲಾಯಿಸಿದರಾಯಿತು. ಅಷ್ಟರವರೆಗೆ ನರ್ಸುಗಳು ಕೈಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಾರೆ.

ಮೇಲಿನ ಸಾಲನ್ನು ಎರಡು ಸಲ ಓದಿದೆ. ಬರೆದವನು ನಾನೇ.

ಮಾರ್ಚ್ 18, ಮಂಗಳವಾರ

ಪ್ಯಾಕಿಂಗ್ ಕೋಣೆ ದಾಟಿಯೇ ಕ್ಯಾಂಟೀನಿಗೆ ಹೋಗಬೇಕು. ಅಕ್ಕ ರಟ್ಟಿನ ಡಬ್ಬ ಮಡಿಸುತ್ತಿದ್ದರು. ಬೆರಳುಗಳಿಗೆ ಅಲ್ಲಲ್ಲಿ ಟೇಪು ಸುತ್ತಿಕೊಂಡಿದ್ದಾರೆ, ರಟ್ಟಿನ ಅಂಚು ಕೊಯ್ಯುತ್ತದೆ. ಇವತ್ತು ಊಟಕ್ಕೆ ಹೋಗಲಿಲ್ಲ.

ಮಾರ್ಚ್ 20, ಗುರುವಾರ

ಮಾಲೀಕರು ಆಸ್ಪತ್ರೆಗೆ ಒಂದು ಪತ್ರ ಬರೆಯಲು ಹೇಳಿದರು. "ನಿಮ್ಮ ಭಾಷೆ ಚೆನ್ನಾಗಿದೆ, ನೀವೇ ಬರೀರಿ. ದೋಷ ಬೆಸುಗೆಯಲ್ಲಿತ್ತು, ಕಾರಣರಾದ ಕೆಲಸಗಾರರನ್ನ ತೆಗೆದಿದ್ದೇವೆ ಅಂತ."

"ತೆಗೆದಿದ್ದೇವಾ?"

"ತಿಂಗಳ ಕೊನೆಗೆ. ಪತ್ರ ಈಗ ಹೋದ್ರೇನಂತೆ."

ಕೂತು ಟೈಪ್ ಮಾಡಿದೆ. ಮಾನ್ಯರೇ ಎಂದು ಶುರುಮಾಡಿ "ಕಾರಣರಾದ" ಎನ್ನುವವರೆಗೆ ಬಂದೆ. ಮುಂದೆ ಕೈ ಹೋಗಲಿಲ್ಲ. ನನ್ನ ಭಾಷೆ ಚೆನ್ನಾಗಿದೆಯಂತೆ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಮನೆಗೆ ಬಂದರೆ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಸುಮ್ಮನೆ ಕೂತಿದ್ದಕ್ಕೆ ಅವಳೇ ಶುರುಮಾಡಿದಳು. ಅವತ್ತು ಊಟದ ಹೊತ್ತಿನಲ್ಲಿ ಹೇಳಲು ಬಂದಿದ್ದೇ ಇದು. ತರಗತಿಯ ಗಾಜು ಒಡೆದದ್ದು ಅವಳು, ಬೈಸಿಕೊಂಡದ್ದು ಅವಳ ಗೆಳತಿ. "ನಾನು ಮರುದಿನ ಹೋಗಿ ಟೀಚರ್‌ಗೆ ಹೇಳ್ದೆ ಅಪ್ಪಾ. ಹೇಳೋಕೆ ಮುಂಚೆ ಹೊಟ್ಟೆನೋವು ಬಂದಿತ್ತು. ಹೇಳಿದ ಮೇಲೂ ಬಂತು. ಆದ್ರೆ ಅದು ಬೇರೆ ಥರದ್ದು." ಬೇರೆ ಎಂದರೆ ಹೇಗೆ ಎಂದು ಕೇಳಿದೆ. "ಇದು ಸಂಜೆ ಹೊತ್ತಿಗೆ ಹೋಯ್ತು."

ಮಾರ್ಚ್ 21, ಶುಕ್ರವಾರ

ಮೊದಲು ಹಿರಿಯ ನರ್ಸಿಗೆ ಫೋನ್ ಮಾಡಿದೆ. ಮಾಲೀಕರನ್ನು ಕಂಡ ಮೇಲೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ತಪ್ಪು ಬೆಸುಗೆಯದ್ದಲ್ಲ, ನನ್ನದು, ಇನ್ನೂ ಹತ್ತೊಂಬತ್ತು ಪೆಟ್ಟಿಗೆಗಳಲ್ಲಿದೆ, ನನಗೆ ಏಳು ದಿನದಿಂದ ಗೊತ್ತಿದೆ ಎಂದೆ.

"ಏಳು ದಿನ" ಎಂದರು. "ಏಳು ದಿನದಲ್ಲಿ ನನ್ನ ವಾರ್ಡಿಗೆ ಒಂಬತ್ತು ಕೂಸು ಬಂದ್ವು. ಬೇರೆ ಕಡೆ ಎಷ್ಟು ಬಂದಿರುತ್ತೆ ಅಂತ ಇವತ್ತು ಎಲ್ಲರಿಗೂ ಫೋನ್ ಮಾಡಿ ಕೇಳ್ತೀನಿ. ನಿಮ್ಮನ್ನ ಕ್ಷಮಿಸೋದೋ ಬಿಡೋದೋ ಆಮೇಲೆ ನೋಡೋಣ. ಪೆಟ್ಟಿಗೆ ಇರೋ ಆಸ್ಪತ್ರೆಗಳ ಪಟ್ಟಿ ಕಳಿಸಿ."

ಪಟ್ಟಿ ಕಳಿಸಿ ಮಾಲೀಕರ ಕೋಣೆಗೆ ಹೋದೆ. "ಸಾರ್, ಆ ಬೆಸುಗೆ ವಿಷಯ..." ಎಂದೊಡನೆ, "ಪತ್ರ ಆಯ್ತಾ? ಕೊಡಿ" ಎಂದರು. "ಅಲ್ಲ ಸಾರ್, ಅದರಲ್ಲಿ..." "ಭಾಷೆ ಸ್ವಲ್ಪ ಗಟ್ಟಿ ಇರಲಿ" ಎಂದರು. ಹೀಗೆ ಐದು ಸಲ. ಕೊನೆಗೆ ಬಾಗಿಲು ಹಾಕಿ, ಅದಕ್ಕೆ ಒರಗಿ ನಿಂತು, ಪೂರ್ತಿ ಹೇಳಿದೆ.

ಅವರ ಮುಖ ಕಪ್ಪಿಟ್ಟಿತು. "ನರ್ಸಿಗೆ ಆಗಲೇ ಹೇಳಿಬಿಟ್ರಾ? ನನ್ನನ್ನ ಕೇಳದೆ?"

"ಹೌದು."

"ಆ ಹೆಂಗಸನ್ನ ಪ್ಯಾಕಿಂಗಿಗೆ ಕಳಿಸುವಾಗ ಬಾಯಲ್ಲಿ ಏನಿತ್ತು ನಿಮಗೆ?"

ಸೋಮವಾರದಿಂದ ಒಂದೊಂದು ಪೆಟ್ಟಿಗೆಯ ಹತ್ತಿರವೂ ನಾನೇ ಹೋಗಬೇಕು. ಎಲ್ಲ ಮುಗಿದ ಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಹೇಳುತ್ತಾರಂತೆ.

ಮಾರ್ಚ್ 25, ಮಂಗಳವಾರ

ಎರಡು ದಿನದಲ್ಲಿ ಎಂಟು ಪೆಟ್ಟಿಗೆ. ಪ್ರತಿ ವಾರ್ಡಿನಲ್ಲೂ ನಾನೇ ಹೇಳಬೇಕು, ತಪ್ಪು ಯಾರದ್ದು ಎಂದು. ಎಂಟನೇ ಸಲಕ್ಕೂ ಅದು ಸುಲಭವಾಗಲಿಲ್ಲ. ಒಂದು ಕಡೆ ಒಬ್ಬ ತಾಯಿ ಪಕ್ಕದಲ್ಲೇ ನಿಂತಿದ್ದಳು. ಕೇಳಿಸಿಕೊಂಡು ಗಾಜಿನ ಮೇಲೆ ಕೈ ಇಟ್ಟಳು.

ಸಂಜೆ ಕಾರ್ಖಾನೆಗೆ ಬಂದರೆ ಕಿಟಕಿಯ ಪಕ್ಕದ ದೀಪ ಉರಿಯುತ್ತಿತ್ತು. ಅಕ್ಕ ವಾಪಸ್ ಬಂದಿದ್ದರು. ಹೋಗಿ ಮೇಜಿನ ಹತ್ತಿರ ನಿಂತೆ. ಬಸ್ಸಿನಲ್ಲಿ ಬರುವಾಗ ಏನೇನೋ ಜೋಡಿಸಿಕೊಂಡಿದ್ದೆ. "ತಪ್ಪಾಯ್ತು ಅಕ್ಕ" ಎಂದಷ್ಟೇ ಬಂತು.

ಅವರು ತಂತಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ಏನೋ ಹೇಳೋಕೆ ಬಂದಿದ್ರಿ. ಅದೇನು?"

"ಈಗ ನಿಮಗೇ ಗೊತ್ತಾಗಿದೆಯಲ್ಲ ಸಾರ್. ಇನ್ನೇನು ಹೇಳೋದು."

ಹೋಗಬಹುದಿತ್ತು. ಹೋಗಲಿಲ್ಲ. ಅವರು ನಾಲ್ಕು ಚುಕ್ಕಿ ಬೆಸುಗೆ ಹಾಕಿದರು, ಹೊಗೆ ಕಿಟಕಿಯ ಕಡೆಗೆ ಹೋಯಿತು, ಐದನೆಯದು ಹಾಕಿದರು. ಆಮೇಲೆ ತಲೆ ಎತ್ತದೆಯೇ ಮಾತು ಶುರುಮಾಡಿದರು.

"ಸೆನ್ಸರ್ ನನ್ನ ಕುಡಿಯೋ ನೀರಿನ ಲೋಟದಲ್ಲಿತ್ತು ಸಾರ್. ಲೋಟ ಕಿಟಕಿ ಮೇಲೆ, ಪ್ಲೇಟು ಇಲ್ಲಿ. ಪ್ಲೇಟು ಕಾದ್ರೆ ಅಲ್ಲಿರೋ ನೀರು ಯಾಕೆ ಬಿಸಿ ಅಂತ ತೋರಿಸುತ್ತೆ ಅಂತ ಕೇಳೋಕೆ ಬಂದಿದ್ದೆ. ನೀವು ನಕ್ರಿ. ನಾನು ಓದಿದವಳಲ್ಲ, ನನಗೇ ಗೊತ್ತಿಲ್ಲದ್ದು ಏನೋ ಇರಬೇಕು ಅಂದ್ಕೊಂಡೆ." ಕಬ್ಬಿಣವನ್ನು ಸ್ಟ್ಯಾಂಡಿನಲ್ಲಿಟ್ಟರು. "ಹತ್ತೊಂಬತ್ತು ದಿನ ಸಾರ್. ನನ್ನ ಕೈಯಿಂದ ಒಂದು ಕೂಸಿಗೆ ಚಳಿಯಾಯ್ತು ಅಂದ್ಕೊಂಡು ಹತ್ತೊಂಬತ್ತು ದಿನ ನಾನು ಊಟ ಹೇಗೆ ಮಾಡಿದೆ ಅಂತ ನಿಮಗೆ ಗೊತ್ತಿಲ್ಲ."

ಕೆಲಸ ಹೋಗುವ ಭಯದಲ್ಲಿದ್ದಾರೆ ಎಂದುಕೊಂಡಿದ್ದೆ. ಅದೂ ನನ್ನ ಅರ್ಧ ತಿಳುವಳಿಕೆಯೇ. ಅವರು ಮತ್ತೆ ಕಬ್ಬಿಣ ಎತ್ತಿಕೊಂಡರು, ನಾನು ಹೊರಗೆ ಬಂದು ಗೋಡೆಯ ಕಡೆ ತಿರುಗಿ ಅತ್ತೆ.

ಮಾರ್ಚ್ 30, ಭಾನುವಾರ

ಹತ್ತೊಂಬತ್ತೂ ಮುಗಿದವು. ನರ್ಸ್ ಫೋನ್ ಮಾಡಿ, ಎಲ್ಲ ಕಡೆ ಕೇಳಿದೆ, ಕೂಸುಗಳೆಲ್ಲ ಚೆನ್ನಾಗಿವೆ ಎಂದರು. ಕ್ಷಮಿಸುವ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾಲೀಕರು ನಾಳೆ ಬರಲು ಹೇಳಿದ್ದಾರೆ.

ಬೆಳಿಗ್ಗೆ ಹೆಂಡತಿ ಹೊರಗೆ ಹೋಗಿದ್ದಳು, ಅಪ್ಪನಿಗೆ ನಾನೇ ಕಾಫಿ ಮಾಡಿದೆ. ಲೋಟ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್..." ಎಂದರು. ನಾನು ಚಮಚ ಡಬ್ಬಿಗೆ ಇಳಿಸಿದ್ದೆ. ನಾಳೆಯ ಯೋಚನೆಯೋ ಏನೋ, ಚಮಚ ಅಲ್ಲೇ ಹಿಡಿದುಕೊಂಡು ಅವರ ಮುಖ ನೋಡುತ್ತಾ ನಿಂತುಬಿಟ್ಟೆ. ಬಾಯಿಯ ಒಂದು ಪಕ್ಕ ಮಾತ್ರ ಅಲ್ಲಾಡುತ್ತಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

"ಸಕ್ಕರೆ..." ಎಂದರು. ಉಸಿರು ತೆಗೆದುಕೊಂಡರು. "ಜಾಸ್ತಿ... ಆಯ್ತು... ಕಣೋ."

ಚಮಚ ಡಬ್ಬಿಯಲ್ಲೇ ಬಿಟ್ಟೆ.

"ಇವತ್ತಾ ಅಪ್ಪಾ?"

ಅವರು ಅಲ್ಲ ಎಂದು ತಲೆ ಅಲ್ಲಾಡಿಸಿದರು. ಮತ್ತೆ ಕಾದೆ. "ಮೊದಲ... ದಿನ... ದಿಂದ."

ಎಂಟು ತಿಂಗಳು. ದಿನಕ್ಕೆ ಎರಡು ಲೋಟ. ಪ್ರತಿ ಸಲವೂ ಹೇಳಲು ಹೊರಟಿದ್ದಾರೆ, ಪ್ರತಿ ಸಲವೂ ನಾನು ಇನ್ನೊಂದು ಚಮಚ ಹಾಕಿ, ಕಲಸಿ, ಕುಡಿಯಿರಿ ಎಂದು ತಲೆ ಸವರಿ ಹೋಗಿದ್ದೇನೆ. ಮೂರು ಚಮಚದ ಪಾಕ ಕುಡಿದಿದ್ದಾರೆ ನನ್ನಪ್ಪ. ಲೋಟದ ತಳದಲ್ಲಿ ಯಾವಾಗಲೂ ಎರಡು ಗುಟುಕು ಬಿಡುತ್ತಾರೆ ಎಂದು ಹೆಂಡತಿ ಹೇಳಿದಾಗ, ವಯಸ್ಸಾಯಿತು ಬಿಡು ಎಂದಿದ್ದೆ.

ಸಕ್ಕರೆ ಇಲ್ಲದೆ ಇನ್ನೊಂದು ಲೋಟ ಮಾಡಿಕೊಟ್ಟೆ. ತಳದವರೆಗೆ ಕುಡಿದರು. ಲೋಟ ವಾಪಸ್ ಕೊಡುವಾಗ ಅವರ ಅರ್ಧ ಮುಖ ನಕ್ಕಿತು. ನನಗೆ ತಲೆ ಎತ್ತಲಾಗಲಿಲ್ಲ.

"ಇನ್ನೇನಾದ್ರೂ ಹೇಳೋದಿತ್ತಾ ಅಪ್ಪಾ?"

ಅವರು ನನ್ನ ಮುಖ ನೋಡಿದರು. ಆಮೇಲೆ, "ತುಂಬಾ... ಇದೆ" ಎಂದರು.

ಕುರ್ಚಿ ಎಳೆದುಕೊಂಡು ಅವರೆದುರು ಕೂತೆ.